ರಿದಂ ಬೆಂಕಿ, ಸೋಲೋ ಮಾತ್ರ ಕೇಳಿಸ್ತಾನೇ ಇಲ್ಲ

ಆರುತಂತಿ:
ತಲೆ ಕೆಟ್ಟೋಗಿದೆ. ಗಿಟಾರ್ ರಿದಂ ಟೋನ್ ಸೂಪರ್. ಸೋಲೋಗೆ ಅಂತ ಟಿಎಸ್9 ಓವರ್‌ಡ್ರೈವ್ ಪೆಡಲ್ ಒತ್ತಿದ್ರೆ ಸೌಂಡು ಮೇಲೆ ಬರೋ ಬದಲು ಇನ್ನೂ ಒಳಗೆ ಹೋಗುತ್ತೆ. ಪೆಡಲ್ ಲೆವೆಲ್ ಫುಲ್ ಇಟ್ಟಾಯ್ತು. ಮನೇಲಿ ಸರಿ ಇರುತ್ತೆ, ಬ್ಯಾಂಡ್ ಜೊತೆ ಹಿಂಗೆ.

ವಾಲ್ವ್‌ಪ್ರೇಮಿ:
ಆಂಪ್‌ನ ಪವರ್ ಟ್ಯೂಬ್ ಸತ್ತಿರುತ್ತೆ. ಮ್ಯಾಚ್ಡ್ ಜೋಡಿ ಇಎಲ್34 ಟ್ಯೂಬ್ ಹಾಕಿ ಬಯಾಸ್ (ಟ್ಯೂಬ್ ಕರೆಂಟ್ ಹೊಂದಿಸೋದು) ಮಾಡಿಸಿ.

ಬೆಸುಗೆಕಡ್ಡಿ:
ಆಂಪ್ ಯಾವುದು ಅಂತಾನೇ ಹೇಳಿಲ್ಲ, ಆಗ್ಲೇ ಟ್ಯೂಬ್ ಕೀಳಿಸ್ತಿದ್ದೀರಲ್ಲ ಸರ್! @ಆರುತಂತಿ, ಗೇನ್ ಎಷ್ಟು? ನಾಬ್‌ಗಳು ಎಲ್ಲಿವೆ? ಎಫೆಕ್ಟ್ಸ್ ಲೂಪ್ (ಪೆಡಲ್ ಸೇರಿಸೋ ಸೆಂಡ್-ರಿಟರ್ನ್ ಜಾಕ್) ಇದೆಯಾ?

ಆರುತಂತಿ:
40 ವ್ಯಾಟ್ ವಾಲ್ವ್ (ಟ್ಯೂಬ್) ಕಾಂಬೋ, ಆಂಪು ಸ್ಪೀಕರ್ರು ಒಂದೇ ಡಬ್ಬದಲ್ಲಿ. ಗೇನ್ 8, ಬಾಸ್ 8, ಮಿಡ್ 2, ಟ್ರೆಬಲ್ 7. ಹಿಂದೆ ಸೆಂಡ್-ರಿಟರ್ನ್ ಇದೆ, ಮುಟ್ಟಿಲ್ಲ.

ವಾಲ್ವ್‌ಪ್ರೇಮಿ:
ಆದ್ರೂ ಒಮ್ಮೆ ಟ್ಯೂಬ್ ನೋಡಿಸಿ. ಟಿಎಸ್9 ಬಿಟ್ಟು ಅದರದ್ದೇ ಹಳೇ ಮಾಡೆಲ್ ಟಿಎಸ್808 ತಗೊಳ್ಳಿ, ಅದರ ದಪ್ಪನೇ ಬೇರೆ.

ಮೀಟುಗೋಲು:
ಸರ್ಕ್ಯೂಟ್ ಹೆಚ್ಚುಕಮ್ಮಿ ಒಂದೇ ಮಾರಾಯ್ರೆ. ವ್ಯತ್ಯಾಸ ಔಟ್‌ಪುಟ್‌ನ ಎರಡು ರೆಸಿಸ್ಟರ್: 808ರಲ್ಲಿ 100 ಓಮ್, 10ಕೆ, 9ರಲ್ಲಿ 470 ಓಮ್, 100ಕೆ.

ವಾಲ್ವ್‌ಪ್ರೇಮಿ:
ಕಿವಿ ಇದ್ದೋರಿಗೆ ಗೊತ್ತಾಗುತ್ತೆ.

ಬೆಸುಗೆಕಡ್ಡಿ:
ಜಗಳ ಆಮೇಲೆ ಆಡಿ. ಗೇನ್ 8ಕ್ಕೇ ಪ್ರೀಆಂಪ್ (ಆಂಪ್‌ನ ಮೊದಲ ಹಂತ) ಪೂರ್ತಿ ಕ್ಲಿಪ್ ಆಗಿದೆ, ಅಂದ್ರೆ ಸಿಗ್ನಲ್ ತುದಿ ಕತ್ತರಿಸಿಹೋಗ್ತಿದೆ. ಅದರ ಮುಂದೆ ಎಷ್ಟು ತಳ್ಳಿದ್ರೂ ವಾಲ್ಯೂಮ್ ಏರಲ್ಲ. ಕಂಪ್ರೆಶನ್ ಏರಿ, ಅಂದ್ರೆ ಜೋರು-ಮೆಲು ಅಂತರ ಕುಗ್ಗಿ, ಪಿಕ್ ಏಟು ಮೊಂಡಾಗುತ್ತೆ, ಅಷ್ಟೇ. ಟಿಎಸ್ 720 ಹರ್ಟ್ಸ್ ಸುತ್ತ ಎತ್ತಿಕೊಡೋ ಮಿಡ್ಡೂ ನಿಮ್ಮ ಮಿಡ್ 2ರಲ್ಲಿ ಸೋರಿ ಹೋಗ್ತಿದೆ. ಬಾಸ್ 8 ಅಂದ್ರೆ ಕಿಕ್ ಡ್ರಮ್ ಜಾಗಕ್ಕೇ ನುಗ್ಗಿದ ಹಾಗೆ.

ಗೇನ್ 5, ಬಾಸ್ 4, ಮಿಡ್ 6 ಮಾಡಿ. ಟಿಎಸ್ ರಿದಂನಲ್ಲೇ ಆನ್ ಇರಲಿ: ಡ್ರೈವ್ ಸೊನ್ನೆ, ಲೆವೆಲ್ ನಾಬ್ ಗಡಿಯಾರದ 3 ಗಂಟೆ ದಿಕ್ಕಿಗೆ. ಅಂಗೈ ಒತ್ತಿ ನುಡಿಸೋ ಪಾಮ್ ಮ್ಯೂಟ್ ಬಿಗಿಯಾಗುತ್ತೆ. ಸೋಲೋಗೆ ಪ್ರೀಆಂಪ್ ದಾಟಿದ ಮೇಲೆ ಬರೋ ಲೂಪ್‌ನಲ್ಲಿ ಜಿಇ-7 ಇಕ್ವಲೈಜರ್ (ಇಕ್ಯೂ) ಪೆಡಲ್ ಹಾಕಿ: 100 ಹರ್ಟ್ಸ್ 3 ಡಿಬಿ ಕೆಳಗೆ, 800 ಹರ್ಟ್ಸ್ 4 ಮೇಲೆ, ಲೆವೆಲ್ 5 ಮೇಲೆ. ಮಾಸ್ಟರ್ ತೀರಾ ಏರಿಸಬೇಡಿ, ಪವರ್ ಆಂಪ್ ಕ್ಲಿಪ್ ಆದ್ರೆ ಆ 5 ಡಿಬಿನೂ ನುಂಗುತ್ತೆ. ಇದೆಲ್ಲ ಡ್ರಮ್ಮರ್ ಬಾರಿಸ್ತಿರುವಾಗ್ಲೇ ಸೆಟ್ ಮಾಡಿ.

ಆರುತಂತಿ:
ಗುರುವೇ, ಎದ್ದು ನಿಂತ್ಕೊಳ್ತು! ಆದ್ರೆ ಇಕ್ಯೂ ಲೂಪ್‌ಗೆ ಹಾಕಿದಾಗಿಂದ ಗುಂಯ್ ಅಂತಿದೆ.

ಬೆಸುಗೆಕಡ್ಡಿ:
ಎರಡೂ ಪೆಡಲ್‌ಗೆ ಒಂದೇ ಅಡಾಪ್ಟರಾ? ಇಕ್ಯೂಗೆ 9 ವೋಲ್ಟ್ ಬ್ಯಾಟರಿ ಹಾಕಿ ನೋಡಿ. ಹಮ್ ಹೋದ್ರೆ ಗ್ರೌಂಡ್ ಲೂಪ್, ಅಂದ್ರೆ ಗ್ರೌಂಡ್ ಎರಡು ದಾರೀಲಿ ಸೇರಿ ಬರೋ ಸದ್ದು. ಪೆಡಲ್‌ಗೊಂದು ಬೇರೆ ಔಟ್‌ಪುಟ್ ಇರೋ ಐಸೊಲೇಟೆಡ್ ಸಪ್ಲೈ ಬೇಕು.

ವಾಲ್ವ್‌ಪ್ರೇಮಿ:
ನಮ್ಮಲ್ಲಿ ಪೆಡಲ್ಲೇ ಇಲ್ಲಪ್ಪ. 100 ವ್ಯಾಟ್ ಹೆಡ್, ನಾಲ್ಕು ಗ್ರೀನ್‌ಬ್ಯಾಕ್ ಸ್ಪೀಕರ್, ಮಾಸ್ಟರ್ ಫುಲ್.

ಮೀಟುಗೋಲು:
25 ವ್ಯಾಟ್‌ನ ನಾಲ್ಕು ಸ್ಪೀಕರ್‌ಗೆ 100 ವ್ಯಾಟ್ ಹೆಡ್ ಫುಲ್ಲಾ? ವಾಯ್ಸ್ ಕಾಯಿಲ್ ಸುಟ್ಟ ವಾಸನೆ ಬಂದಾಗ ಹೇಳಿ.