ಥೈಮಸ್ ಕೋಶ ಸಾಯ್ತಿವೆ, ಅನೆಕ್ಸಿನ್ ಮಾತ್ರ ಏರ್ತಿಲ್ಲ

ಥೈಮಸ್_ಬೆಂಚ್: ಮೂರನೇ ಸಲವೂ ಇದೇ ಗೋಳು. ಥೈಮಸ್‌ (ಟಿ ಕೋಶ ಬೆಳೆಯೋ ಅಂಗ) ಕೋಶಗಳನ್ನ ಸಾಯಿಸಿ, ಅನೆಕ್ಸಿನ್ (ಸಾಯ್ತಿರೋ ಕೋಶಕ್ಕೆ ಅಂಟೋ ಪ್ರೋಟೀನ್) ಹಾಕಿ ಎಣಿಸ್ತಿದೀನಿ. 5 ವಾರದ ಇಲಿ, ಪ್ಲೇಟಿಗೆ ಕೋಟ್ ಮಾಡಿದ ಆಂಟಿ-ಸಿಡಿ3 (ಟಿ ಕೋಶದ ರಿಸೆಪ್ಟರ್, ಅಂದ್ರೆ ಟಿಸಿಆರ್ ಮೂಲಕ ಸಿಗ್ನಲ್ ಕೊಡೋ ಆಂಟಿಬಾಡಿ) 10 ಮೈಕ್ರೋಗ್ರಾಂ/ಮಿಲಿ, 18 ಗಂಟೆ. ಪಕ್ಕದ ವೆಲ್‌ಗೆ ಡೆಕ್ಸಾಮೆಥಾಸೋನ್ (ಈ ಕೋಶಗಳನ್ನ ಕೊಲ್ಲೋ ಸ್ಟೀರಾಯ್ಡ್) 100 ನ್ಯಾನೋಮೋಲಾರ್. ಕೋಶ ಮುದುಡಿರೋದು ಮೈಕ್ರೋಸ್ಕೋಪಲ್ಲೇ ಕಾಣುತ್ತೆ, ಪಿಐ (ಪೊರೆ ಹರಿದ ಕೋಶದೊಳಗೆ ಹೋಗೋ ಬಣ್ಣ) ಏರಿದೆ. ಅನೆಕ್ಸಿನ್ ಮಾತ್ರ ಎಲ್ಲೂ 5% ದಾಟಲ್ಲ. ಸ್ಟೇನಿಂಗ್ ಕಿಟ್‌ನಲ್ಲಿ ಹೇಳಿದ ಹಾಗೇ ಮಾಡಿದ್ದು.

ಸಿಡಿ28_ಪಕ್ಷ: ಸಿಡಿ28 (ಟಿ ಕೋಶಕ್ಕೆ ಎರಡನೇ ಸಿಗ್ನಲ್ ಕೊಡೋ ರಿಸೆಪ್ಟರ್) ಆಂಟಿಬಾಡಿ ಎಲ್ಲಿ? ಬರೀ ಸಿಡಿ3ಗೆ ಡಬಲ್ ಪಾಸಿಟಿವ್ ಕೋಶ (ಸಿಡಿ4, ಸಿಡಿ8 ಎರಡೂ ಇರೋದು) ಸರಿಯಾಗಿ ಸಾಯಲ್ಲ.

ಥೈಮಸ್_ಬೆಂಚ್: ಹಾಕಿದೀನಿ, ಬರೆಯೋದು ಬಿಟ್ಟಿದ್ದೆ. ಸಿಡಿ69 (ಸಿಗ್ನಲ್ ಸಿಕ್ಕಿದ್ದರ ಗುರುತು) ಚೆನ್ನಾಗಿ ಏರಿದೆ.

ಸಿಡಿ28_ಪಕ್ಷ: ಹಾಗಾದ್ರೆ ಕೋಟಿಂಗ್ ಸಮ ಆಗಿಲ್ಲ. 37 ಡಿಗ್ರಿ, 2 ಗಂಟೆ ಇಟ್ಟು ಮತ್ತೆ ನೋಡಿ.

ಕ್ಯಾಲ್ಸಿಯಂ_ನೋಡಿ: ಕೋಟಿಂಗ್ ಬಿಡಿ ಸರ್. ಡೆಕ್ಸಾಗೆ ಟಿಸಿಆರ್ ಬೇಕಾಗೇ ಇಲ್ಲ, ಅದು ಗ್ಲುಕೋಕಾರ್ಟಿಕಾಯ್ಡ್ ರಿಸೆಪ್ಟರ್ ಮೂಲಕ ಕೊಲ್ಲೋದು. ಅಲ್ಲೂ ಅನೆಕ್ಸಿನ್ ಇಲ್ಲ. ಪೊರೆ ಹರಿದು ಪಿಐ ಒಳಗೆ ಹೋದ ಕೋಶಕ್ಕೆ ಅನೆಕ್ಸಿನ್ ಹಿಡೀಲೇಬೇಕು, ಒಳಪದರದ ಫಾಸ್ಫಟಿಡೈಲ್‌ಸೆರಿನ್ (ಅನೆಕ್ಸಿನ್ ಅಂಟೋ ಕೊಬ್ಬು) ಕೈಗೆ ಸಿಗುತ್ತಲ್ಲ. ಸ್ಟೇನ್ ಆದಮೇಲೆ ಯಾವುದರಲ್ಲಿ ತೊಳೆದ್ರಿ?

ಥೈಮಸ್_ಬೆಂಚ್: ಮಾಮೂಲಿ ಫ್ಯಾಕ್ಸ್ (ಲೇಸರ್‌ನಿಂದ ಕೋಶ ಎಣಿಸೋ ಮೆಷಿನ್) ಬಫರ್. ಪಿಬಿಎಸ್, 2% ಸೀರಮ್, 2 ಮಿಲಿಮೋಲಾರ್ ಇಡಿಟಿಎ.

ಕ್ಯಾಲ್ಸಿಯಂ_ನೋಡಿ: ಅದೇ ತಪ್ಪು. ಕ್ಯಾಲ್ಸಿಯಂ ಇದ್ದರಷ್ಟೇ ಅನೆಕ್ಸಿನ್ ಅಂಟೋದು. ಇಡಿಟಿಎ ಬಂದು ಕ್ಯಾಲ್ಸಿಯಂ ಎಳೆದುಕೊಂಡ್ರೆ ಅಂಟಿದ್ದೂ ಬಿಟ್ಟುಹೋಗುತ್ತೆ. ಸಿಡಿ4, ಸಿಡಿ8 ಸ್ಟೇನ್ ಮೊದಲು ಮುಗಿಸಿ. ಆಮೇಲೆ ಬೈಂಡಿಂಗ್ ಬಫರ್‌ನಲ್ಲಿ (ಹೆಪೀಸ್ 10, ಸೋಡಿಯಂ ಕ್ಲೋರೈಡ್ 140, ಕ್ಯಾಲ್ಸಿಯಂ ಕ್ಲೋರೈಡ್ 2.5 ಮಿಲಿಮೋಲಾರ್, ಪಿಎಚ್ 7.4) ಎರಡು ಸಲ ತೊಳೀರಿ. 100 ಮೈಕ್ರೋಲೀಟರ್‌ಗೆ 5 ಮೈಕ್ರೋಲೀಟರ್ ಅನೆಕ್ಸಿನ್, ಕತ್ತಲಲ್ಲಿ 15 ನಿಮಿಷ. ತೊಳೀಬೇಡಿ, ಅದೇ ಬಫರ್ 400 ಮೈಕ್ರೋಲೀಟರ್ ಸೇರಿಸಿ ಒಂದು ಗಂಟೆಯೊಳಗೆ ಮೆಷಿನ್‌ನಲ್ಲಿ ಓಡಿಸಿ.

ವಯೋಲೆಟ್_ಲೇಸರ್: ಪಿಐ ಯಾಕೆ? ಅದರ ಬೆಳಕು ಪಿಇ (ಇನ್ನೊಂದು ಬಣ್ಣ) ಚಾನೆಲ್‌ಗೆ ಸೋರುತ್ತೆ. ನಮ್ಮ 5 ಲೇಸರ್ ಮೆಷಿನ್‌ನಲ್ಲಿ ಡಾಪಿ (ವಯೋಲೆಟ್ ಲೇಸರ್‌ನಲ್ಲಿ ನೋಡೋ ಬಣ್ಣ) ಹಾಕ್ತೀವಿ, ಕಾಂಪೆನ್ಸೇಷನ್ (ಸೋರಿಕೆ ಕಳೆಯೋ ಲೆಕ್ಕ) ಹೆಚ್ಚುಕಮ್ಮಿ ಬೇಕೇ ಆಗಲ್ಲ.

ಸಿಡಿ28_ಪಕ್ಷ: ಎಲ್ಲರ ಹತ್ರ ವಯೋಲೆಟ್ ಇರಲ್ಲ. 7-ಎಎಡಿ (ಪಿಐ ಥರದ್ದೇ ಇನ್ನೊಂದು ಬಣ್ಣ) ಸಾಕು.

ಥೈಮಸ್_ಬೆಂಚ್: ಅನೆಕ್ಸಿನ್ ಬಂತು! ಆದ್ರೆ ಏನೂ ಹಾಕದ ವೆಲ್‌ನಲ್ಲೂ 40%.

ಕ್ಯಾಲ್ಸಿಯಂ_ನೋಡಿ: 18 ಗಂಟೆಗೆ ಅಷ್ಟು ಸಹಜ. ಡಬಲ್ ಪಾಸಿಟಿವ್‌ನಲ್ಲಿ ಬಿಸಿಎಲ್-2 (ಕೋಶ ಸಾಯದಂತೆ ಕಾಯೋ ಪ್ರೋಟೀನ್) ತೀರಾ ಕಮ್ಮಿ, ಥೈಮಸ್ ಆಸರೆ ತಪ್ಪಿದ್ರೆ ತಾವಾಗೇ ಸಾಯ್ತವೆ. ಡೆಕ್ಸಾನ 4-6 ಗಂಟೆಗೇ ನೋಡಿ. ಟಿಸಿಆರ್‌ನಿಂದಾಗೋ ಸಾವಿಗೆ ಕ್ಲೀವ್ಡ್ ಕ್ಯಾಸ್ಪೇಸ್-3 (ಸಾಯ್ತಿರೋ ಕೋಶದಲ್ಲಿ ಚುರುಕಾಗೋ ಎಂಜೈಮ್) ಸ್ಟೇನ್ ಹಾಕಿ, ಸಿಡಿ69 ಪಾಸಿಟಿವ್ ಗೇಟ್‌ನಲ್ಲಿ (ಆರಿಸಿಕೊಂಡ ಕೋಶಗಳ ಗುಂಪು) ಮಾತ್ರ ಎಣಿಸಿ. ಗೇಟ್ ಅಗಲ ಇರಲಿ, ಸಿಗ್ನಲ್ ಸಿಕ್ಕ ಕೋಶದಲ್ಲಿ ಸಿಡಿ4, ಸಿಡಿ8 ಎರಡೂ ಮಂಕಾಗ್ತವೆ.

ಸಿಡಿ28_ಪಕ್ಷ: ಸಿಡಿ28 ಎಷ್ಟು ಹಾಕಿದ್ರಿ ಅಂತ ಇನ್ನೂ ಹೇಳಿಲ್ಲ.