ಅಪ್‌ಡೇಟ್: ಲಿನಕ್ಸ್ ಕಂಪ್ಯೂಟರಿನ ಮೆಮೊರಿ ಲೆಕ್ಕ ಕೊನೆಗೂ ಹೊಂದಿತು

ತೀರ್ಥಹಳ್ಳಿಯ ನಮ್ಮ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ 8 ಜಿಬಿ ರ್‍ಯಾಮ್ ಇದ್ದರೂ, ಅಡಿಕೆ ತೋಟದ ಫೋಟೋಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲು ಮಾಡಿದ ಮೇಲೆ ಮೆಮೊರಿ ಬಳಕೆಯನ್ನು ತೋರಿಸುವ ‘ಫ್ರೀ’ ಕಮಾಂಡ್ ಬರೀ 300 ಎಂಬಿ ಖಾಲಿಯಿದೆ ಎಂದು ಏಕೆ ತೋರಿಸುತ್ತಿದೆಯೆಂದು ಕಳೆದ ವಾರ ಇಲ್ಲಿ ಕೇಳಿದ್ದೆ. ನೀವು ಹೇಳಿದಂತೆ ಪ್ರೋಗ್ರಾಂಗಳಿಗೆ ಸಿಗಬಲ್ಲ ಮೆಮೊರಿಯನ್ನು ತೋರಿಸುವ ‘ಅವೈಲಬಲ್’ ಅಂಕಣವನ್ನು ನೋಡಿದೆ; ಅಲ್ಲಿ 5 ಜಿಬಿ ಇತ್ತು. ಓದಿದ ಕಡತಗಳನ್ನು ಲಿನಕ್ಸಿನ ತಿರುಳಾದ ಕರ್ನಲ್ ಖಾಲಿ ರ್‍ಯಾಮಿನಲ್ಲಿ ಕ್ಯಾಶ್ ಆಗಿ, ಅಂದರೆ ಮತ್ತೆ ಬೇಗ ಓದಲೆಂದು, ಇರಿಸಿಕೊಂಡು, ಪ್ರೋಗ್ರಾಂಗಳಿಗೆ ಬೇಕಾದಾಗ ಬಿಟ್ಟುಕೊಡುತ್ತದೆ ಎಂಬುದು ಈಗ ಸ್ಪಷ್ಟವಾಯಿತು.

ಆದರೂ ಖಾಲಿ ಜಾಗ ಮತ್ತು ಕ್ಯಾಶ್ ಕೂಡಿಸಿದ ಮೊತ್ತಕ್ಕೂ ‘ಅವೈಲಬಲ್’ ಅಂಕಿಗೂ ಸುಮಾರು 1 ಜಿಬಿಯ ವ್ಯತ್ಯಾಸ ಉಳಿದಿತ್ತು, ನನ್ನನ್ನು ನಿಜವಾಗಿ ಕಾಡಿದ್ದು ಅದೇ. ನಮ್ಮಲ್ಲಿ ತಾತ್ಕಾಲಿಕ ಕಡತಗಳ ‘ಟೆಂಪ್’ ಫೋಲ್ಡರ್ ಡಿಸ್ಕಿನಲ್ಲಿರದೆ ಟಿಎಂಪಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ರೂಪದಲ್ಲಿ ಮೆಮೊರಿಯಲ್ಲೇ ಇದೆ; ಅದರ ಕಡತಗಳು ಕ್ಯಾಶ್ ಲೆಕ್ಕಕ್ಕೆ ಸೇರಿದರೂ, ಅವುಗಳನ್ನು ಅಳಿಸುವವರೆಗೆ ಆ ಜಾಗ ಸಾಮಾನ್ಯವಾಗಿ ಬಿಡುಗಡೆಯಾಗುವುದಿಲ್ಲ. ‘ಶೇರ್ಡ್’ ಅಂಕಣದಲ್ಲಿ ಇದು ಕಾಣುತ್ತಿತ್ತು, ನಾನೇ ಗಮನಿಸಿರಲಿಲ್ಲ. ಅಲ್ಲಿದ್ದ ಹಳೆಯ ವಿಡಿಯೋವನ್ನು ಅಳಿಸಿದ ಕೂಡಲೇ ‘ಅವೈಲಬಲ್’ 6 ಜಿಬಿಗೆ ಏರಿತು.