14 ಲಿನಕ್ಸ್ ಸರ್ವರ್, ಒಂದೇ ಕಡೆಯಿಂದ ನೋಡಿಕೊಳ್ಳೋದು ಹೇಗೆ?

ಭೋಸರಿ_ಐಟಿ:
ನಮಸ್ಕಾರ. ಪುಣೆಯ ಭೋಸರಿಯ ಒಂದು ಕಾರ್ಖಾನೆಯಲ್ಲಿ ಐಟಿ ಕೆಲಸ. ಗೊತ್ತಿರೋದು ವಿಂಡೋಸ್ ಸರ್ವರ್, ಆಕ್ಟಿವ್ ಡೈರೆಕ್ಟರಿ (ಯೂಸರ್ ಅಕೌಂಟ್‌ಗಳ ಕೇಂದ್ರ ಪಟ್ಟಿ), ಗ್ರೂಪ್ ಪಾಲಿಸಿ (ಎಲ್ಲ ಮಷಿನ್‌ಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಹಾಕೋದು) ಅಷ್ಟೇ. ಈಗ 14 ಲಿನಕ್ಸ್ ಸರ್ವರ್ ಕೈಗೆ ಬಂದಿವೆ: 9 ಉಬುಂಟು 22.04, 4 ರಾಕಿ 8, ಒಂದು ಸೆಂಟ್‌ಒಎಸ್ 7. ಮೂರು ಗೋವಾದ ವೆರ್ಣಾ ಶಾಖೆಯಲ್ಲಿವೆ, ವಿಪಿಎನ್ ಮೇಲೆ ಸಿಗುತ್ತವೆ. ಎಲ್ಲಕ್ಕೂ ಒಂದೇ ರೂಟ್ (ಪೂರ್ಣ ಅಧಿಕಾರದ ಅಕೌಂಟ್) ಪಾಸ್‌ವರ್ಡ್, ಅದು ನಾಲ್ಕು ಜನಕ್ಕೆ ಗೊತ್ತು. ಯೂಸರ್, ಅಪ್‌ಡೇಟ್, ಸೆಟ್ಟಿಂಗ್ ಎಲ್ಲ ಒಂದೇ ಕಡೆಯಿಂದ ಆಗಬೇಕು. ಎಲ್ಲಿಂದ ಶುರು ಮಾಡಲಿ?

ವಾಶಿ_ರ‍್ಯಾಕ್:
ಗ್ರೂಪ್ ಪಾಲಿಸಿ ಥರ ಎಲ್ಲವನ್ನೂ ಮಾಡೋ ಒಂದೇ ಸಾಧನ ಹುಡುಕಬೇಡಿ ಸರ್. ಯಾರು ಲಾಗಿನ್ ಆಗಬಹುದು ಅನ್ನೋದನ್ನ ನಿಮ್ಮ ಆಕ್ಟಿವ್ ಡೈರೆಕ್ಟರಿಯೇ ನೋಡಿಕೊಳ್ಳಲಿ. ಸೆಟ್ಟಿಂಗ್, ಪ್ಯಾಕೇಜಿಗೆ ಆನ್ಸಿಬಲ್, ಅಂದರೆ ಒಂದು ಮಷಿನ್‌ನಿಂದ ಎಲ್ಲ ಸರ್ವರ್‌ಗೂ ಕೆಲಸ ಹೇಳೋ ಸಾಧನ. ಮೊದಲು ಆನ್ಸಿಬಲ್ ಹಿಡಿಯಿರಿ. ಸರ್ವರ್‌ಗಳಲ್ಲಿ ಏಜೆಂಟ್ (ಅದರದೇ ಪ್ರೋಗ್ರಾಮ್) ಹಾಕಬೇಕಾಗಿಲ್ಲ, ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗೋ ದಾರಿ) ಮತ್ತು ಪೈಥಾನ್ ಇದ್ದರೆ ಸಾಕು.

ನಡೆಸೋ ಮಷಿನ್ ಉಬುಂಟು 24.04 ಇರಲಿ. ಅದರ ಆಪ್ಟ್‌ನಲ್ಲಿ (ಪ್ಯಾಕೇಜ್ ಹಾಕೋ ಸಾಧನ) ಬರೋದು ಆನ್ಸಿಬಲ್-ಕೋರ್ 2.16, ನಿಮಗೆ ಬೇಕಾಗಿರೋದೂ ಅದೇ. 2.17ರಿಂದ ಆಚೆಗೆ ಎದುರಿನ ಸರ್ವರ್‌ನಲ್ಲಿ ಪೈಥಾನ್ 3.7 ಆದರೂ ಬೇಕು. ರಾಕಿ 8ರಲ್ಲಿ ಮೊದಲಿಂದ ಇರೋದು 3.6, ಸೆಂಟ್‌ಒಎಸ್ 7ರಲ್ಲಿ 2.7. ರಾಕಿಗೆ 3.9 ಹಾಕ್ತೀನಿ ಅಂತ ಹೊರಟರೆ ಅಲ್ಲಿ ಪ್ಯಾಕೇಜ್ ಹಾಕೋ ಆನ್ಸಿಬಲ್‌ನ ಡಿಎನ್‌ಎಫ್ ಮಾಡ್ಯೂಲ್ ಕೈಕೊಡುತ್ತೆ, ಅದಕ್ಕೆ ಬೇಕಾದ ಲೈಬ್ರರಿ 3.6ಕ್ಕೇ ಕಟ್ಟಿರೋದು.

ಆ ಮಷಿನ್‌ನಲ್ಲಿ ಇಡಿ25519 ಕೀ (ಪಾಸ್‌ವರ್ಡ್ ಬದಲಿಗೆ ಲಾಗಿನ್‌ಗೆ ಬಳಸೋ ಫೈಲ್ ಜೋಡಿ) ಮಾಡಿ, ಪ್ರತಿ ಸರ್ವರ್‌ನಲ್ಲೂ ಆನ್ಸಿಬಲ್‌ಗೆ ಅಂತಲೇ ಒಂದು ಅಕೌಂಟ್ ತೆರೆದು ಕೀ ಹಾಕಿ, ಸುಡೋ (ರೂಟ್ ಅಧಿಕಾರದಲ್ಲಿ ಕೆಲಸ ಮಾಡೋ ಅನುಮತಿ) ಕೊಡಿ. ಸುಡೋ ಗುಂಪಿನ ಹೆಸರು ಉಬುಂಟುವಿನಲ್ಲಿ ಸುಡೋ, ರಾಕಿಯಲ್ಲಿ ವ್ಹೀಲ್. ಆಮೇಲೆ ಪಿಂಗ್ ಮಾಡ್ಯೂಲ್ ಓಡಿಸಿ. ಅದು ನೆಟ್‌ವರ್ಕ್ ಪಿಂಗ್ ಅಲ್ಲ, ಲಾಗಿನ್ ಆಗಿ ಪೈಥಾನ್ ಓಡುತ್ತಾ ಅಂತ ನೋಡುತ್ತೆ.

ಗ್ರೂಪ್ ಪಾಲಿಸಿ ಸುಮಾರು 90 ನಿಮಿಷಕ್ಕೊಮ್ಮೆ ತಾನೇ ಮತ್ತೆ ಕೂರುತ್ತೆ. ಆನ್ಸಿಬಲ್ ಹಾಗಲ್ಲ, ನೀವು ಓಡಿಸಿದಾಗ ಮಾತ್ರ. ಮಧ್ಯೆ ಯಾರಾದರೂ ಕೈಯಾಡಿಸಿದರೆ ಹಾಗೇ ಉಳಿಯುತ್ತೆ. ದಿನಾ ರಾತ್ರಿ ಚೆಕ್ ಮತ್ತು ಡಿಫ್ ಆಯ್ಕೆ ಹಾಕಿ ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಶುರು ಮಾಡೋ ಸಾಧನ) ಓಡಿಸಿ. ಏನೂ ಬದಲಾಯಿಸದೆ ವ್ಯತ್ಯಾಸ ತೋರಿಸುತ್ತೆ.

ಪಣಜಿ_ಟರ್ಮಿನಲ್:
ಲಾಗಿನ್ ಬಗ್ಗೆ: ರಿಯಲ್ಮ್‌ಡಿ (ಡೊಮೇನ್‌ಗೆ ಸೇರಿಸೋ ಸಾಧನ), ಎಸ್‌ಎಸ್‌ಎಸ್‌ಡಿ (ಲಾಗಿನ್ ಪರಿಶೀಲಿಸೋ ಸಾಧನ) ಹಾಕಿ ಸರ್ವರ್‌ಗಳನ್ನ ಆಕ್ಟಿವ್ ಡೈರೆಕ್ಟರಿ ಡೊಮೇನ್‌ಗೆ ಸೇರಿಸಿ. ಅದಕ್ಕೂ ಮುಂಚೆ ಡಿಎನ್‌ಎಸ್ ನಿಮ್ಮ ಡೊಮೇನ್ ಕಂಟ್ರೋಲರ್ ಕಡೆಗೇ ಇರಬೇಕು, ಕ್ರೋನಿಯಲ್ಲಿ ಗಡಿಯಾರ ಸರಿ ಇರಬೇಕು. 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕೆರ್ಬರೋಸ್ (ಡೊಮೇನ್ ಲಾಗಿನ್ ಪರೀಕ್ಷಿಸೋ ವ್ಯವಸ್ಥೆ) ಒಪ್ಪಲ್ಲ. ಸೇರಿಸಿದ ಕೂಡಲೇ ಡೊಮೇನ್‌ನಲ್ಲಿರೋ ಎಲ್ಲರಿಗೂ ಬಾಗಿಲು ತೆರೆದಿರುತ್ತೆ, ರಿಯಲ್ಮ್ ಪರ್ಮಿಟ್‌ನಲ್ಲಿ ಒಂದೇ ಗುಂಪಿಗೆ ಕಟ್ಟಿಹಾಕಿ. ವೆರ್ಣಾದಲ್ಲಿ ವಿಪಿಎನ್ ಬಿದ್ದಾಗ, ಮುಂಚೆ ಒಮ್ಮೆ ಲಾಗಿನ್ ಆದವರಿಗೆ ಎಸ್‌ಎಸ್‌ಎಸ್‌ಡಿಯ ಕ್ಯಾಶ್ ನೆರವಿಗೆ ಬರುತ್ತೆ. ಆದರೂ ಪ್ರತಿ ಸರ್ವರ್‌ನಲ್ಲಿ ಒಂದು ಲೋಕಲ್ ಅಕೌಂಟ್ ಬೇಕೇ ಬೇಕು. ಸೆಂಟ್‌ಒಎಸ್ 7ನ್ನು ಸೇರಿಸೋ ಕಷ್ಟ ಬೇಡ, 2024ರ ಜೂನ್ 30ಕ್ಕೇ ಅದರ ಅಪ್‌ಡೇಟ್ ನಿಂತಿದೆ. ಅದರಲ್ಲಿರೋದನ್ನ ಬೇರೆ ಕಡೆ ಸಾಗಿಸಿ.

ಭೋಸರಿ_ಐಟಿ:
ಪಿಂಗ್ 13ರಲ್ಲಿ ಹಸಿರು, ತುಂಬಾ ಧನ್ಯವಾದ. ಒಂದು ಉಬುಂಟು ಮಾತ್ರ ಕೀ ಹಾಕಿದರೂ ಪಾಸ್‌ವರ್ಡ್ ಕೇಳ್ತಿದೆ. ಇನ್ನೊಂದು, ಎಸ್‌ಎಸ್‌ಎಚ್ ಸೆಟ್ಟಿಂಗ್ ಫೈಲಲ್ಲಿ ಪಾಸ್‌ವರ್ಡ್ ಲಾಗಿನ್ 'ನೋ' ಅಂತ ಬರೆದು ರೀಲೋಡ್ ಮಾಡಿದೆ, ಉಬುಂಟುಗಳಲ್ಲಿ ಇನ್ನೂ ನಡೀತಿದೆ.

ವಾಶಿ_ರ‍್ಯಾಕ್:
ಮೊದಲನೆಯದು ಅನುಮತಿಯ ತೊಂದರೆ ಇರಬೇಕು. ಡಾಟ್-ಎಸ್‌ಎಸ್‌ಎಚ್ ಫೋಲ್ಡರ್ 700, ಆಥರೈಸ್ಡ್ ಕೀಸ್ ಫೈಲ್ 600 ಮಾಡಿ (ಎರಡೂ ಆ ಅಕೌಂಟ್‌ಗೆ ಮಾತ್ರ ಅನುಮತಿ ಅಂತ). ಹೋಮ್ ಫೋಲ್ಡರ್‌ನಲ್ಲಿ ಗುಂಪಿಗೆ ಬರೆಯೋ ಅನುಮತಿ ಇದ್ದರೂ ಸರ್ವರ್ ಆ ಕೀಯನ್ನ ನಂಬಲ್ಲ, ಪಾಸ್‌ವರ್ಡ್‌ಗೆ ಹೋಗುತ್ತೆ. ಕಾರಣ ಆ ಸರ್ವರ್‌ನ ಆಥ್ ಲಾಗ್‌ನಲ್ಲಿ ಬರೆದಿರುತ್ತೆ.

ಎರಡನೆಯದಕ್ಕೆ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್‌ನ ಸರ್ವರ್ ಭಾಗ) ಕಾನ್ಫಿಗ್-ಡಿ ಫೋಲ್ಡರ್ ತೆರೆಯಿರಿ. 50-ಕ್ಲೌಡ್-ಇನಿಟ್ ಅನ್ನೋ ಫೈಲಲ್ಲಿ ಪಾಸ್‌ವರ್ಡ್ ಲಾಗಿನ್ 'ಯೆಸ್' ಅಂತ ಇರುತ್ತೆ. ಎಸ್‌ಎಸ್‌ಎಚ್‌ಡಿ ಮೊದಲು ಓದಿದ್ದನ್ನೇ ಹಿಡಿಯುತ್ತೆ, ಆ ಫೋಲ್ಡರ್ ಓದೋದು ಮುಖ್ಯ ಫೈಲಿನ ತಲೆಯಲ್ಲೇ. ಹಾಗಾಗಿ ನಿಮ್ಮ ಸಾಲು 10ರಿಂದ ಶುರುವಾಗೋ ಹೆಸರಿನ ಫೈಲಲ್ಲಿ ಇರಲಿ. ರಾಕಿ 8ರ ಎಸ್‌ಎಸ್‌ಎಚ್ ಹಳೇದು, ಅದಕ್ಕೆ ಈ ಫೋಲ್ಡರ್ ಗೊತ್ತಿಲ್ಲ, ಅಲ್ಲಿ ಮುಖ್ಯ ಫೈಲನ್ನೇ ತಿದ್ದಬೇಕು.

ರೀಲೋಡ್‌ಗೆ ಮುಂಚೆ ಎಸ್‌ಎಸ್‌ಎಚ್‌ಡಿಗೆ ಸಣ್ಣ ಟಿ ಕೊಟ್ಟು ನೋಡಿ, ಫೈಲಿನ ತಪ್ಪು ಹೇಳುತ್ತೆ. ದೊಡ್ಡ ಟಿ ಕೊಟ್ಟರೆ ಎಲ್ಲ ಫೈಲೂ ಓದಿದ ಮೇಲೆ ಉಳಿಯೋ ಸೆಟ್ಟಿಂಗ್ ತೋರಿಸುತ್ತೆ. ತೆರೆದಿರೋ ಸೆಷನ್ ಮುಚ್ಚದೆ, ಇನ್ನೊಂದು ವಿಂಡೋದಿಂದ ಲಾಗಿನ್ ಆಗಿ ಖಾತ್ರಿ ಮಾಡಿಕೊಳ್ಳಿ. ಪ್ಲೇಬುಕ್‌ನಲ್ಲಿ (ಆನ್ಸಿಬಲ್‌ಗೆ ಬರೆದುಕೊಡೋ ಕೆಲಸದ ಪಟ್ಟಿ) ಸೀರಿಯಲ್ 1 (ಒಂದು ಸಲಕ್ಕೆ ಒಂದೇ ಸರ್ವರ್) ಇಟ್ಟು ವೆರ್ಣಾದ ಮೂರನ್ನ ಕೊನೆಗೆ ಬಿಡಿ, ಅಲ್ಲಿ ಬಾಗಿಲು ಹಾಕಿಕೊಂಡರೆ ಯಾರಾದರೂ ಮಾನಿಟರ್ ಹಚ್ಚಿಕೊಂಡು ಕೂರಬೇಕಾಗುತ್ತೆ.